ಕಾರ್ಖಾನೆ ಮತ್ತು ಕೃತಕ ದೃಷ್ಟಿ: ವಿಸ್ತೃತ ವಾಸ್ತವದ ಪೂರ್ವೇತಿಹಾಸವನ್ನು ಕುರಿತು

ಇಂಗ್ಲಿಷಿನಲ್ಲಿ ಎಕ್ಸ್‌ಟೆಂಡೆಡ್ ರಿಯಾಲಿಟಿ ಎಂದು ಕರೆಯಲ್ಪಡುವ, ಕನ್ನಡದಲ್ಲಿ ವಿಸ್ತೃತ ವಾಸ್ತವವೆಂದು ಹೇಳಬಹುದಾದ ತಂತ್ರವಿದ್ಯೆಯಲ್ಲಿ ಎರಡು ಮುಖ್ಯ ಪ್ರಕಾರಗಳಿವೆ. ನೋಡುವವನ ಕಣ್ಣಿಗೆ ಸುತ್ತಲಿನ ಜಗತ್ತನ್ನು ಪೂರ್ತಿಯಾಗಿ ಮರೆಮಾಡಿ, ಗಣಕಯಂತ್ರವು ರಚಿಸಿದ ಬೇರೊಂದು ಜಗತ್ತಿನಲ್ಲಿ ಅವನನ್ನು ನಿಲ್ಲಿಸುವುದು ಒಂದು. ಇದು ವರ್ಚುವಲ್ ರಿಯಾಲಿಟಿ, ಅಂದರೆ ಕಲ್ಪಿತ ವಾಸ್ತವ. ಎದುರಿಗಿರುವ ನಿಜವಸ್ತುವನ್ನು ಇದ್ದಂತೆಯೇ ಕಾಣಗೊಟ್ಟು, ಅದರ ಮೇಲೆ ಗೆರೆ ಅಕ್ಷರ ಆಕೃತಿಗಳನ್ನು ಸರಿಯಾದ ಸ್ಥಾನದಲ್ಲಿ ಹೊಂದಿಸಿ ತೋರಿಸುವುದು ಇನ್ನೊಂದು; ಇದು ಆಗ್ಮೆಂಟೆಡ್ ರಿಯಾಲಿಟಿ, ವರ್ಧಿತ ವಾಸ್ತವ. ಇವೆರಡರ ನಡುವೆ ಹಲವು ಮಿಶ್ರರೂಪಗಳುಂಟು. ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ ಎಂಬ ವಿದ್ವಾಂಸರು 1994ರಲ್ಲಿ ಇವೆಲ್ಲವನ್ನೂ ಒಂದೇ ರೇಖೆಯ ಮೇಲಿನ ಬಿಂದುಗಳಂತೆ ಇಟ್ಟು ನೋಡಬೇಕೆಂದು ಪ್ರತಿಪಾದಿಸಿದ ಮೇಲೆ ಈ ವಿಂಗಡಣೆಯು ಶಾಸ್ತ್ರದಲ್ಲಿ ನೆಲೆಗೊಂಡಿತು.

ಈ ತಂತ್ರವು ವಿನೋದದ ಸಾಧನವಾಗಿ ಹುಟ್ಟಿತೆಂದೂ, ಆಟಗಳ ಮೂಲಕ ಬೆಳೆದು, ಇತ್ತೀಚೆಗೆ ಮಾತ್ರ ಕೈಗಾರಿಕೆಯ ಬಾಗಿಲನ್ನು ತಟ್ಟಿತೆಂದೂ ಸಾಮಾನ್ಯವಾದ ಒಂದು ನಂಬಿಕೆಯಿದೆ. ಇತಿಹಾಸವನ್ನು ಕೊಂಚ ಸಾವಧಾನವಾಗಿ ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಕಾರ್ಖಾನೆಯ ಕೆಲಸದಲ್ಲಿ ಬಹುಕಾಲದಿಂದ ಒಂದು ತೊಡಕಿದೆ. ಕೆಲಸದ ತಿಳಿವಳಿಕೆ ಇರುವ ಸ್ಥಳ ಒಂದು, ಕೆಲಸ ನಡೆಯುವ ಸ್ಥಳ ಇನ್ನೊಂದು. ತಿಳಿವಳಿಕೆಯು ನಕ್ಷೆಯಲ್ಲಿರುತ್ತದೆ, ಕೈಪಿಡಿಯಲ್ಲಿರುತ್ತದೆ, ಅಥವಾ ನುರಿತ ಒಬ್ಬ ಹಿರಿಯ ಕೆಲಸಗಾರನ ಕೈಯಲ್ಲಿರುತ್ತದೆ. ಅದನ್ನು ಹೊಸಬನ ಕೈಗೆ ತಲುಪಿಸುವುದು ಹೇಗೆ? ವಿಸ್ತೃತ ವಾಸ್ತವದ ಮುಖ್ಯ ಹೆಜ್ಜೆಗಳಲ್ಲಿ ಹಲವು ಈ ಪ್ರಶ್ನೆಗೆ ಉತ್ತರವಾಗಿ ಇಡಲ್ಪಟ್ಟುವು ಎಂಬುದನ್ನೂ, ಆ ಉತ್ತರಗಳೊಂದಿಗೆ ಕೆಲಸಗಾರನ ಕೌಶಲ್ಯವು ಯಾರ ಸ್ವತ್ತು ಎಂಬ ವ್ಯಾಜ್ಯವೂ ಬೆನ್ನುಹತ್ತಿ ಬಂದಿತೆಂಬುದನ್ನೂ ಮೂರು ಪ್ರಸಂಗಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಪ್ರಸಂಗಕ್ಕೆ ಪೀಠಿಕೆಯಾಗಿ ಸ್ಟೀರಿಯೊಸ್ಕೋಪನ್ನು ನೆನೆಯಬೇಕು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಅಲ್ಪಸ್ವಲ್ಪ ಭಿನ್ನವಾಗಿ ಕಾಣುತ್ತವೆ; ಆ ಭಿನ್ನತೆಯಿಂದಲೇ ಮನಸ್ಸಿಗೆ ಆಳದ ಅರಿವುಂಟಾಗುತ್ತದೆ. ಚಾರ್ಲ್ಸ್ ವೀಟ್‌ಸ್ಟೋನ್ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1838ರಲ್ಲಿ ಪ್ರತಿಪಾದಿಸಿ, ಎರಡು ಕನ್ನಡಿಗಳ ನೆರವಿನಿಂದ ಎರಡು ಚಪ್ಪಟೆ ಚಿತ್ರಗಳನ್ನು ಒಂದು ಘನಾಕೃತಿಯಾಗಿ ಕಾಣಿಸುವ ಉಪಕರಣವನ್ನು ತೋರಿಸಿದನು. ಡೇವಿಡ್ ಬ್ರೂಸ್ಟರನು ಅದಕ್ಕೆ ಮಸೂರಗಳನ್ನಳವಡಿಸಿ ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆಯನ್ನಾಗಿ ಮಾಡಿದ ಮೇಲೆ, 1851ರ ಲಂಡನ್ ಮಹಾಪ್ರದರ್ಶನದಿಂದಾಚೆಗೆ, ಅದು ಶ್ರೀಮಂತರ ದಿವಾನಖಾನೆಗಳ ಆಟಿಕೆಯಾಯಿತು. ಆಟಿಕೆಯ ಈ ಕಥೆ ಎಲ್ಲರಿಗೂ ತಿಳಿದದ್ದು. ಅದೇ ತತ್ತ್ವವು ಮುಂದೆ ಕಾರ್ಖಾನೆಯನ್ನು ಪ್ರವೇಶಿಸಿದ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್ ಎಂಬಾತನು 1885ರಲ್ಲಿ ಗಾರೆಕೆಲಸದ ಶಿಷ್ಯನಾಗಿ ಜೀವನವನ್ನಾರಂಭಿಸಿದವನು. ಇಟ್ಟಿಗೆ ಕಟ್ಟುವುದನ್ನು ತನಗೆ ಕಲಿಸಿದವರು ಬಾಯಲ್ಲಿ ಹೇಳಿದುದೊಂದು, ಕೈಯಲ್ಲಿ ಮಾಡಿದುದು ಇನ್ನೊಂದು ಎಂಬುದನ್ನು ಅವನು ಬೇಗ ಕಂಡುಕೊಂಡನು. ಒಂದು ಇಟ್ಟಿಗೆಯನ್ನಿಡಲು ಬೇಕಾಗುತ್ತಿದ್ದ 18 ಚಲನೆಗಳನ್ನು ಅವನು 5ಕ್ಕೆ ಇಳಿಸಿದನೆಂದು ಫ್ರೆಡರಿಕ್ ಟೇಲರನು ತನ್ನ 1911ರ ಗ್ರಂಥದಲ್ಲಿ ಬರೆದಿದ್ದಾನೆ. ಆದರೆ ಟೇಲರನಿಗೂ ಗಿಲ್‌ಬ್ರೆತ್ತನಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಟೇಲರನು ನಂಬಿದ್ದು ಗಡಿಯಾರವನ್ನು. ಗಿಲ್‌ಬ್ರೆತ್ ನಂಬಿದ್ದು ಕಣ್ಣನ್ನು. ಕೆಲಸವು ಎಷ್ಟು ಹೊತ್ತು ಹಿಡಿಯಿತೆಂಬುದಕ್ಕಿಂತ ಕೈ ಯಾವ ದಾರಿಯಲ್ಲಿ ಹೋಯಿತೆಂಬುದು ಮುಖ್ಯವೆಂದು ಅವನೂ, ಅವನ ಪತ್ನಿಯೂ ಮನಶ್ಶಾಸ್ತ್ರದಲ್ಲಿ ಪಂಡಿತಳೂ ಆದ ಲಿಲಿಯನ್ನಳೂ ವಾದಿಸಿದರು.

ಆ ದಾರಿಯನ್ನು ಕಾಣುವುದು ಹೇಗೆ? 1912ರ ಸುಮಾರಿಗೆ ಅವರು ಕೆಲಸಗಾರನ ಬೆರಳಿಗೆ ಚಿಕ್ಕದೊಂದು ವಿದ್ಯುದ್ದೀಪವನ್ನು ಕಟ್ಟಿ, ಕ್ಯಾಮರಾದ ಕಣ್ಣನ್ನು ದೀರ್ಘಕಾಲ ತೆರೆದಿಟ್ಟು ಚಿತ್ರ ತೆಗೆಯತೊಡಗಿದರು. ಫಲಕದ ಮೇಲೆ ಕೈಯ ಚಲನೆಯು ಬೆಳಕಿನ ಒಂದು ಗೆರೆಯಾಗಿ ಮೂಡಿತು. ದೀಪಕ್ಕೆ ಹೋಗುವ ವಿದ್ಯುತ್ತನ್ನು ನಿಯತಕಾಲದಲ್ಲಿ ಕಡಿಯುತ್ತ ಹೋದಾಗ ಆ ಗೆರೆಯು ತುಂಡುತುಂಡಾಯಿತು. ದೀಪದ ತಂತು ಬೇಗ ಕಾದು ನಿಧಾನವಾಗಿ ಆರುವುದರಿಂದ ಒಂದೊಂದು ತುಂಡಿನ ಒಂದು ತುದಿ ಬಾಣದಂತೆ ಚೂಪಾಗಿ ಕಂಡಿತು. ಹೀಗೆ ಒಂದೇ ಚಿತ್ರದಲ್ಲಿ ದಾರಿ, ಕಾಲ, ದಿಕ್ಕು ಈ ಮೂರೂ ಸಿಕ್ಕಿದುವು. ಇದನ್ನೆಲ್ಲ ಅವರು ಸ್ಟೀರಿಯೊ ಕ್ಯಾಮರಾದಲ್ಲಿ ತೆಗೆಯುತ್ತಿದ್ದುದರಿಂದ ಆಳವೂ ದೊರೆಯಿತು. ಮತ್ತೂ ಒಂದು ಉಪಾಯವನ್ನು ಹೂಡಿದರು. ಚೌಕಗಳ ಜಾಲವನ್ನು ಬರೆದ ಪರದೆಯೊಂದನ್ನು ಅದೇ ಫಲಕದ ಮೇಲೆ ಎರಡನೆಯ ಸಲ ಚಿತ್ರಿಸಿ, ಕೆಲಸಗಾರನು ನಿಂತಿದ್ದ ಅವಕಾಶದಲ್ಲಿಯೇ ಪಾರದರ್ಶಕವಾದ ಅಳತೆಯ ಜಾಲವೊಂದು ಹರಡಿಕೊಂಡಿರುವಂತೆ ಕಾಣಿಸಿದರು. ನಿಜವಸ್ತುವಿನ ಮೇಲೆ ಅಲ್ಲಿಲ್ಲದ ಗೆರೆಗಳನ್ನು ಅಳತೆಗೆ ಸರಿಯಾಗಿ ಹೊಂದಿಸಿ ತೋರಿಸುವುದೇ ವರ್ಧಿತ ವಾಸ್ತವವೆಂದಾದರೆ, ಗಣಕಯಂತ್ರವು ಹುಟ್ಟುವುದಕ್ಕೆ ಮೂರು ದಶಕಗಳ ಮುಂಚೆಯೇ ಕಾರ್ಖಾನೆಯು ಅದರ ಅರ್ಧವನ್ನು ಸಾಧಿಸಿತ್ತೆಂದು ಹೇಳಬೇಕಾಗುತ್ತದೆ. ಇನ್ನರ್ಧವೆಂದರೆ, ನೋಡುವವನು ಅಲುಗಾಡಿದಾಗ ದೃಶ್ಯವೂ ಅದಕ್ಕೆ ಉತ್ತರ ಕೊಡುವುದು. ಸ್ಥಿರಚಿತ್ರಕ್ಕೆ ಆ ಶಕ್ತಿ ಇರಲಿಲ್ಲ.

ಗಿಲ್‌ಬ್ರೆತ್ ದಂಪತಿಗಳು ಅಲ್ಲಿಗೇ ನಿಲ್ಲಲಿಲ್ಲ. ಸ್ಟೀರಿಯೊಚಿತ್ರದಲ್ಲಿ ಕಂಡ ಬೆಳಕಿನ ಗೆರೆಯನ್ನು ಅನುಸರಿಸಿ ಲೋಹದ ತಂತಿಯನ್ನು ಬಾಗಿಸಿ ಚಲನೆಯ ಪ್ರತಿಕೃತಿಗಳನ್ನು ತಯಾರಿಸಿದರು. ನುರಿತ ಕೆಲಸಗಾರನ ಚಲನೆಯು ನಯವಾದ ಬಳುಕು. ಹೊಸಬನದು ಸಿಕ್ಕುಸಿಕ್ಕಾದ ಗಂಟು. ಕಲಿಯುವವನು ತಂತಿಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಗ್ರಹಿಸಬಹುದೆಂಬುದು ಅವರ ಆಶಯವಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಅಂಗವಿಕಲರಾದ ಸೈನಿಕರನ್ನು ಮತ್ತೆ ಉದ್ಯೋಗಕ್ಕೆ ಸಿದ್ಧಪಡಿಸುವ ವಿಷಯದಲ್ಲಿಯೂ ಅವರು ಶ್ರಮಿಸಿ 1920ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರೆಂಬುದನ್ನು ಇಲ್ಲಿ ಸ್ಮರಿಸುವುದು ನ್ಯಾಯ.

ಆದರೂ ಆ ಚಿತ್ರಗಳನ್ನು ಇಂದು ನೋಡುವವನ ಮನಸ್ಸಿಗೆ ನಾಟುವುದು ಬೇರೆಯೇ ಒಂದು ಸಂಗತಿ. ದೀರ್ಘಕಾಲದ ಚಿತ್ರಣದಲ್ಲಿ ಅಲುಗಾಡುವ ದೇಹವು ಮಸುಕಾಗುತ್ತದೆಯಷ್ಟೆ. ಬೆಳಕಿನ ಗೆರೆ ಸ್ಪಷ್ಟವಾಗಿ ಉಳಿದಿದೆ. ಗೆರೆಯನ್ನೆಳೆದ ಮನುಷ್ಯನು ನೆರಳಿನಂತೆ ಕರಗಿಹೋಗಿದ್ದಾನೆ. ಕೌಶಲ್ಯವನ್ನು ಅದರ ಒಡೆಯನಿಂದ ಬಿಡಿಸಿ ತಂತಿಯಲ್ಲಿ ಹಿಡಿದಿಡಬಹುದಾದರೆ ಒಡೆಯನ ಬೆಲೆ ಏನಾಗಬೇಕು? ಅಂದಿನ ಕಾರ್ಮಿಕರಿಗೆ ಈ ಪ್ರಶ್ನೆ ಹೊಳೆಯದೆ ಇರಲಿಲ್ಲ. 1911ರ ಆಗಸ್ಟಿನಲ್ಲಿ ವಾಟರ್‌ಟೌನಿನ ಸರ್ಕಾರಿ ಆಯುಧಾಗಾರದ ಎರಕದವರು ಕೆಲಸ ನಿಲ್ಲಿಸಿದ್ದು ಟೇಲರನ ಪದ್ಧತಿಯ ಗಡಿಯಾರದ ವಿರುದ್ಧ. ಗಿಲ್‌ಬ್ರೆತ್ ತನ್ನ ಕ್ರಮವು ಗಡಿಯಾರಕ್ಕಿಂತ ಮಾನವೀಯವೆಂದು ವಾದಿಸುತ್ತಿದ್ದನು. ಆಯಾಸವನ್ನು ತಗ್ಗಿಸುವ ಅವನ ಕಾಳಜಿ ಪ್ರಾಮಾಣಿಕವಾದುದೆಂದು ನಾನು ಒಪ್ಪುತ್ತೇನೆ. ಆದರೆ ದೀಪ ಕಟ್ಟಿಸಿಕೊಂಡವರು ಏನು ಹೇಳಿದರೆಂಬುದು ಅವನ ಗ್ರಂಥಗಳಿಂದ ತಿಳಿಯುವಂತಿಲ್ಲ. ಅಲ್ಲಿ ಮಾತನಾಡುವವನು ದೀಪ ಕಟ್ಟಿದವನು.

ಗಿಲ್‌ಬ್ರೆತ್ತನ ಬಳಿ ದೃಷ್ಟಿಯಿತ್ತು, ಉತ್ತರ ಕೊಡುವ ಯಂತ್ರವಿರಲಿಲ್ಲ. ಎರಡನೆಯ ಪ್ರಸಂಗದಲ್ಲಿ ಇದು ತಿರುವುಮುರುವಾಗುತ್ತದೆ.

ನ್ಯೂಯಾರ್ಕ್ ಸಂಸ್ಥಾನದ ಬಿಂಗಮ್ಟನ್ ಎಂಬ ಊರಿನಲ್ಲಿ ಲಿಂಕ್ ಮನೆತನದವರು ಪಿಯಾನೊ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದರು. ಸಿನಿಮಾ ಮೂಕವಾಗಿದ್ದ ಕಾಲದಲ್ಲಿ ಚಿತ್ರಮಂದಿರಗಳಿಗೆ ಇಂತಹ ವಾದ್ಯಗಳು ಬೇಕಾಗಿದ್ದುವು. ಮನೆಯ ಮಗನಾದ ಎಡ್ವಿನ್ ಲಿಂಕ್‌ಗೆ ವಿಮಾನದ ಹುಚ್ಚು. ಹಾರುವುದನ್ನು ಕಲಿಯಲು ಆಗ ಗಂಟೆಯ ಲೆಕ್ಕದಲ್ಲಿ ದುಬಾರಿ ಹಣ ತೆರಬೇಕಾಗಿತ್ತು. ನೆಲದ ಮೇಲೆಯೇ ಕಲಿಯುವಂತಾದರೆ ಹೇಗೆಂದು ಯೋಚಿಸಿದ ಅವನು ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಆರ್ಗನ್ನಿನ ತಿದಿಗಳನ್ನೇ ಜೋಡಿಸಿ ಅದರ ಮೇಲೆ ಪುಟ್ಟದೊಂದು ವಿಮಾನದ ಒಡಲನ್ನು ಕೂರಿಸಿದನು. ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಮ್ಮಿನ ತಿದಿಯನ್ನು ಕಂಡವರಿಗೆ ಈ ಯಂತ್ರದ ಮರ್ಮವನ್ನು ವಿವರಿಸಬೇಕಾಗಿಲ್ಲ: ಒಳಗೆ ಕುಳಿತವನು ಹಿಡಿಕೆಯನ್ನು ಆಡಿಸಿದಾಗ ಕವಾಟ ತೆರೆದು ಒಂದು ತಿದಿ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ, ಒಡಲು ವಾಲುತ್ತದೆ. ವ್ಯತ್ಯಾಸವಿಷ್ಟೆ. ಹಾರ್ಮೋನಿಯಮ್ಮಿನಲ್ಲಿ ಗಾಳಿಯು ಸ್ವರವಾಗುತ್ತದೆ, ಇಲ್ಲಿ ಚಲನೆಯಾಗುತ್ತದೆ.

ಲಿಂಕ್ ತನ್ನ ಯಂತ್ರಕ್ಕೆ 1929ರಲ್ಲಿ ಹಕ್ಕುಪತ್ರವನ್ನು ಬೇಡಿ 1931ರಲ್ಲಿ ಪಡೆದನು. ಆ ಪತ್ರದ ಶೀರ್ಷಿಕೆಯಲ್ಲಿಯೇ ಅದು ವಿಮಾನ ವಿದ್ಯಾರ್ಥಿಗಳ ಶಿಕ್ಷಣಕ್ಕೂ ಮನೋರಂಜನೆಗೂ ಒದಗುವ ಉಪಕರಣವೆಂದು ಹೇಳಿದೆ. ಆರಂಭದಲ್ಲಿ ಅದನ್ನು ಕೊಂಡವರು ಬಹುಮಟ್ಟಿಗೆ ಮನೋರಂಜನೋದ್ಯಾನಗಳವರು. ವಿನೋದವೇ ಮೊದಲೆನ್ನುವವರು ಇದನ್ನು ತಮ್ಮ ಪರವಾದ ಸಾಕ್ಷ್ಯವೆಂದು ಹಿಡಿಯಬಹುದು. ಆದರೆ ಲಿಂಕ್ ಹೊರಟದ್ದು ಶಿಕ್ಷಣಕ್ಕಾಗಿ, ಉದ್ಯಾನಗಳಿಗೆ ಮಾರಿದ್ದು ಬೇರೆ ಗಿರಾಕಿಗಳಿಲ್ಲದ್ದರಿಂದ. ಸ್ಥಿತಿಯನ್ನು ಬದಲಾಯಿಸಿದುದು ಒಂದು ದುರಂತ. 1934ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳ ವಿಮಾನ ಅಂಚೆಯ ಗುತ್ತಿಗೆಗಳನ್ನು ರದ್ದುಗೊಳಿಸಿ ಆ ಕೆಲಸವನ್ನು ಸೈನ್ಯಕ್ಕೆ ಒಪ್ಪಿಸಿದನು. ಸೈನ್ಯದ ಚಾಲಕರಿಗೆ ಹಗಲಿನ ನಿರ್ಮಲಾಕಾಶದಲ್ಲಿ ಹಾರುವ ಅಭ್ಯಾಸವಿತ್ತೇ ಹೊರತು ಮಂಜಿನಲ್ಲಿ, ಇರುಳಿನಲ್ಲಿ, ಉಪಕರಣಗಳ ಮುಳ್ಳುಗಳನ್ನೇ ನಂಬಿ ಹಾರುವ ಅಭ್ಯಾಸವಿರಲಿಲ್ಲ. ಕೆಲವೇ ವಾರಗಳಲ್ಲಿ ಸುಮಾರು 12 ಮಂದಿ ಪ್ರಾಣ ತೆತ್ತರು. ಆಗ ಸೈನ್ಯವು ಲಿಂಕ್‌ನಿಂದ 6 ಯಂತ್ರಗಳನ್ನು ಕೊಂಡಿತು.

ಇಲ್ಲಿ ಗಮನಿಸಬೇಕಾದ ವೈಚಿತ್ರ್ಯವೆಂದರೆ, ಈ ಯಂತ್ರದಲ್ಲಿ ಕಾಣುವುದಕ್ಕೆ ಏನೂ ಇರಲಿಲ್ಲ. ವಿದ್ಯಾರ್ಥಿಯ ತಲೆಯ ಮೇಲೆ ಮುಚ್ಚಳವನ್ನು ಎಳೆದು ಅವನನ್ನು ಬೇಕೆಂದೇ ಕುರುಡನನ್ನಾಗಿ ಮಾಡುತ್ತಿದ್ದರು. ಮುಂದೆ ಉಪಕರಣಗಳ ಫಲಕ, ಕಿವಿಯಲ್ಲಿ ಶಿಕ್ಷಕನು ಕೇಳಿಸುವ ರೇಡಿಯೊ ಸಂಕೇತ, ದೇಹಕ್ಕೆ ವಾಲುವಿಕೆಯ ಅನುಭವ. ಹೊರಗೆ ಮೇಜಿನ ಮೇಲೆ ಮೂರು ಗಾಲಿಯ ಚಿಕ್ಕ ಬಂಡಿಯೊಂದು ಅವನು ಹಾರಿದ ದಾರಿಯನ್ನು ನಕ್ಷೆಯ ಮೇಲೆ ಶಾಯಿಯಲ್ಲಿ ಬರೆಯುತ್ತ ಸಾಗುತ್ತಿತ್ತು. ದೃಶ್ಯವಿಲ್ಲದೆಯೂ ಕೃತಕ ವಾಸ್ತವವು ಸಾಧ್ಯ, ಏಕೆಂದರೆ ಅದರ ಜೀವಾಳವು ಚಿತ್ರದಲ್ಲಲ್ಲ, ಮಾಡಿದುದಕ್ಕೆ ತಕ್ಕ ಪ್ರತ್ಯುತ್ತರದಲ್ಲಿ ಇದೆ ಎಂಬುದನ್ನು ಲಿಂಕ್ ತೋರಿಸಿಕೊಟ್ಟನು. ಎರಡನೆಯ ಮಹಾಯುದ್ಧದ ವೇಳೆಗೆ ಇಂತಹ ಸುಮಾರು 10,000 ಯಂತ್ರಗಳು ತಯಾರಾದುವು; ಲಕ್ಷಾಂತರ ಚಾಲಕರು ಅವುಗಳಲ್ಲಿ ಪಾಠ ಕಲಿತರು. ತಪ್ಪು ಮಾಡಿದವನು ಸಾಯದೆ ಎದ್ದು ಬಂದು ಮತ್ತೊಮ್ಮೆ ಪ್ರಯತ್ನಿಸಬಹುದು ಎಂಬುದು ಶಿಕ್ಷಣದ ಇತಿಹಾಸದಲ್ಲಿಯೇ ದೊಡ್ಡ ಸಂಗತಿ. ಈ ಪರಂಪರೆ ನಮ್ಮ ನಾಡನ್ನೂ ಮುಟ್ಟಿದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಕೆನಡಾದ ಸಿ.ಎ.ಇ. ಕಂಪನಿಯೊಡನೆ ಸೇರಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹೆಲಿಕಾಪ್ಟರ್ ಶಿಕ್ಷಣ ಕೇಂದ್ರವು 2010ರಲ್ಲಿ ಕಾರ್ಯಾರಂಭ ಮಾಡಿತು. ಲಿಂಕ್‌ನ ಹೆಸರನ್ನು ಹೊತ್ತ ವಿಭಾಗವು ಕೈಯಿಂದ ಕೈಗೆ ಮಾರಾಟವಾಗುತ್ತ 2021ರಲ್ಲಿ ಇದೇ ಸಿ.ಎ.ಇ. ಕಂಪನಿಯನ್ನು ಸೇರಿತು.

ದೃಷ್ಟಿ ಮತ್ತು ಪ್ರತ್ಯುತ್ತರ ಇವೆರಡನ್ನೂ ಒಂದುಗೂಡಿಸಿದವನು ಐವನ್ ಸದರ್ಲೆಂಡ್. ಇದಕ್ಕೆ ಮುಂಚೆ ಮಾರ್ಟನ್ ಹೈಲಿಗ್ ಎಂಬ ಚಲನಚಿತ್ರಕಾರನು ನೋಟ ಶಬ್ದ ವಾಸನೆ ಗಾಳಿಗಳನ್ನು ಕೂಡಿಸಿದ ಸೆನ್ಸೊರಾಮ ಎಂಬ ಪೆಟ್ಟಿಗೆಗೆ 1962ರಲ್ಲಿ ಹಕ್ಕುಪತ್ರ ಪಡೆದಿದ್ದನು. ವಿನೋದಯಂತ್ರವೆಂದೇ ಹೆಸರಾದ ಈ ಪೆಟ್ಟಿಗೆಯ ಹಕ್ಕುಪತ್ರವು ಸಹ ಸೈನ್ಯದ ಮತ್ತು ಕೈಗಾರಿಕೆಯ ಶಿಕ್ಷಣದ ಅಗತ್ಯವನ್ನು ಮುಂದಿಟ್ಟುಕೊಂಡೇ ಆರಂಭವಾಗುತ್ತದೆ. ಸದರ್ಲೆಂಡನು 1968ರಲ್ಲಿ ವರದಿ ಮಾಡಿದ ಶಿರೋಧಾರ್ಯ ಉಪಕರಣದಲ್ಲಿ ಎರಡು ಕಿರಿಯ ಚಿತ್ರನಳಿಕೆಗಳೂ ಅರೆಪಾರದರ್ಶಕ ಕನ್ನಡಿಗಳೂ ಇದ್ದುವು. ತಲೆಯ ಚಲನೆಯನ್ನು ಅಳೆಯಲು ಛಾವಣಿಯಿಂದ ಇಳಿಬಿಟ್ಟ ಭಾರಿ ತೋಳೊಂದನ್ನು ಅದಕ್ಕೆ ಬಿಗಿದಿದ್ದರು. ತೊಟ್ಟವನು ತಲೆ ತಿರುಗಿಸಿದರೆ ಕೋಣೆಯ ನಡುವೆ ತೇಲುವ ಗೆರೆಗಳ ಘನವೂ ಅದಕ್ಕೆ ತಕ್ಕಂತೆ ತಿರುಗುತ್ತಿತ್ತು. ಕೋಣೆಯೂ ಕಾಣುತ್ತಿತ್ತು, ಘನವೂ ಕಾಣುತ್ತಿತ್ತು. ಮುಂದಿನ ಎರಡು ದಶಕಗಳಲ್ಲಿ ಈ ವಿದ್ಯೆಯನ್ನು ಸಾಕಿದವರು ಮುಖ್ಯವಾಗಿ ಅಮೆರಿಕದ ವಾಯುಸೇನೆ ಮತ್ತು ನಾಸಾ. ಆ ವಿವರಗಳನ್ನು ಇಲ್ಲಿ ಬೆಳೆಸಬೇಕಾದ ಅಗತ್ಯವಿಲ್ಲ.

ಮೂರನೆಯ ಪ್ರಸಂಗವು ಬೋಯಿಂಗ್ ಕಂಪನಿಗೆ ಸೇರಿದ್ದು. ದೊಡ್ಡ ವಿಮಾನವೊಂದರ ಒಡಲಲ್ಲಿ ನರಮಂಡಲದಂತೆ ವಿದ್ಯುತ್ತಂತಿಗಳು ಹರಡಿರುತ್ತವೆ. ಇವನ್ನು ವಿಮಾನದೊಳಗೆ ಒಂದೊಂದಾಗಿ ಎಳೆಯುವುದಿಲ್ಲ. ಹೊರಗೆ ಕಂತೆಗಳಾಗಿ ಕಟ್ಟಿ ಒಯ್ದು ಕೂರಿಸುತ್ತಾರೆ. ಕಂತೆ ಕಟ್ಟುವ ಕ್ರಮ ಹೀಗಿತ್ತು: ಉದ್ದನೆಯ ಪ್ಲೈವುಡ್ಡಿನ ಹಲಗೆಗಳ ಮೇಲೆ ಕಂತೆಯ ಪೂರ್ಣಪ್ರಮಾಣದ ನಕ್ಷೆಯನ್ನು ಅಂಟಿಸಿ, ಗೂಟಗಳನ್ನು ಹೊಡೆದು, ಕೆಲಸಗಾರರು ಪಟ್ಟಿಯನ್ನು ಓದುತ್ತ ಒಂದೊಂದು ತಂತಿಯನ್ನೂ ಗೂಟಗಳ ನಡುವೆ ಹಾಯಿಸಿ ಕಟ್ಟುತ್ತಿದ್ದರು. ಕಂತೆ ಬದಲಾದರೆ ಹಲಗೆಯೂ ಬದಲಾಗಬೇಕು. ಆದುದರಿಂದ ಹಲಗೆಗಳನ್ನು ಮಾಡುವುದು, ಕೂಡಿಡುವುದು, ತಿದ್ದುವುದು ಇವೇ ಒಂದು ದೊಡ್ಡ ಹೊರೆ. 1994ರಲ್ಲಿ ಮೊದಲು ಹಾರಿದ 777 ವಿಮಾನದ ವಿನ್ಯಾಸವನ್ನು ಬೋಯಿಂಗ್ ಪೂರ್ತಿಯಾಗಿ ಗಣಕಯಂತ್ರದಲ್ಲಿಯೇ ಮಾಡಿತೆಂಬುದು ಪ್ರಸಿದ್ಧ ವಿಷಯ. ಹಾಗಿದ್ದರೂ ಗಣಕಯಂತ್ರದೊಳಗಿನ ಆ ತಿಳಿವಳಿಕೆಯು ತಂತಿ ಕಟ್ಟುವವನ ಬಳಿಗೆ ಬರಬೇಕಾದರೆ ಕಾಗದವಾಗಿ, ಹಲಗೆಯಾಗಿ ಮಾರ್ಪಡಬೇಕಾಗಿತ್ತು.

ಈ ಕಂದಕವನ್ನು ಕಂಡ ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಜೆಲ್ ಎಂಬ ಬೋಯಿಂಗಿನ ಇಬ್ಬರು ಸಂಶೋಧಕರು 1990ರ ಸುಮಾರಿಗೆ ಒಂದು ಉಪಾಯವನ್ನು ಸೂಚಿಸಿದರು. ಹಲಗೆ ಬರಿದಾಗಿರಲಿ, ಕೆಲಸಗಾರನು ಅರೆಪಾರದರ್ಶಕ ಕನ್ನಡಕವೊಂದನ್ನು ತೊಡಲಿ, ಮುಂದಿನ ತಂತಿ ಹಾಯಬೇಕಾದ ದಾರಿಯು ಹಲಗೆಯ ಮೇಲೆಯೇ ಬರೆದಂತೆ ಅವನಿಗೆ ಕಾಣಲಿ. 1992ರಲ್ಲಿ ಹವಾಯಿಯಲ್ಲಿ ನಡೆದ ಸಮ್ಮೇಳನದ ಪ್ರಬಂಧದಲ್ಲಿ ಅವರು ಇದನ್ನು ವಿವರಿಸಿದರು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಹುಟ್ಟಿದ್ದು ಈ ಕೆಲಸದಿಂದ, ಅಂದರೆ ವಿಮಾನದ ಕಾರ್ಖಾನೆಯಲ್ಲಿ ತಂತಿ ಕಟ್ಟುವವರ ಹಲಗೆಯ ಮುಂದೆ. ಅವರ ತರ್ಕದಲ್ಲಿ ಒಂದು ಸೊಗಸಾದ ಮಿತವ್ಯಯವಿತ್ತು. ಕಲ್ಪಿತ ವಾಸ್ತವದಲ್ಲಿ ಇಡೀ ಜಗತ್ತನ್ನು ಗಣಕಯಂತ್ರವೇ ಬರೆಯಬೇಕು. ಇಲ್ಲಿ ಜಗತ್ತು ಆಗಲೇ ಇದೆ, ಬರೆಯಬೇಕಾದುದು ಕೆಲವು ಗೆರೆಗಳನ್ನು ಮಾತ್ರ. ಅಂದಿನ ಸಾಮಾನ್ಯ ಯಂತ್ರಕ್ಕೂ ಅದು ಸಾಧ್ಯ.

ಕಷ್ಟವು ಬೇರೆಡೆ ಅಡಗಿತ್ತು. ಗೆರೆ ಕೆಲವಾದರೂ ಅವು ಸರಿಯಾದ ಸ್ಥಳದಲ್ಲಿಯೇ ಬೀಳಬೇಕು. ಒಂದು ಅಂಗುಲ ಆಚೀಚೆಯಾದರೆ ತಂತಿ ತಪ್ಪು ಗೂಟವನ್ನು ಹಿಡಿಯುತ್ತದೆ. ತಲೆ ಅಲುಗಿದ ಕ್ಷಣದಲ್ಲಿಯೇ ಗೆರೆಯೂ ಸರಿಹೊಂದಬೇಕು. ಕನ್ನಡಕ ಭಾರವಾಗಬಾರದು. ಮೈಜೆಲ್ ಮತ್ತು ಸಂಗಡಿಗರು ಕಾರ್ಖಾನೆಯಲ್ಲಿ ಪ್ರಯೋಗ ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ, ಸಣ್ಣ ಸಣ್ಣ ವಿವರಗಳಲ್ಲಿ ಅಡಗಿರುವ ಪಿಶಾಚಿಗಳು ಒಂದಲ್ಲ ಹಲವು ಎಂಬರ್ಥದ ಶೀರ್ಷಿಕೆಯನ್ನಿಟ್ಟರು. ಸಂಶೋಧಕರು ಇಷ್ಟು ಪ್ರಾಂಜಲವಾಗಿ ಹೆಸರಿಡುವುದು ಅಪರೂಪ! ಆ ಪ್ರಯೋಗವು ನಿತ್ಯದ ಉತ್ಪಾದನೆಯಾಗಿ ಬೇರೂರಲಿಲ್ಲ. ಜರ್ಮನಿಯಲ್ಲಿ ಸೀಮೆನ್ಸ್ ಕಂಪನಿಯ ನೇತೃತ್ವದಲ್ಲಿ, ಸರ್ಕಾರದ ಧನಸಹಾಯದಿಂದ, 1999ರಿಂದ 2003ರವರೆಗೆ ನಡೆದ ಆರ್ವಿಕಾ ಯೋಜನೆಯು ವಿಮಾನ ಮತ್ತು ಮೋಟಾರು ತಯಾರಕರನ್ನೆಲ್ಲ ಒಂದೆಡೆ ಸೇರಿಸಿ ಇದೇ ದಾರಿಯಲ್ಲಿ ನಡೆಯಿತು.

ವ್ಯಾಪಕವಾದ ಪ್ರಯೋಗಗಳು ನಡೆದುದು ಉಪಕರಣಗಳು ಹಗುರವೂ ಅಗ್ಗವೂ ಆದ ಮೇಲೆ. ವಿಶೇಷವೆಂದರೆ, ಏರ್‌ಬಸ್ ಕಂಪನಿಯು ಎ380 ವಿಮಾನದೊಳಗಿನ 80,000ದವರೆಗಿನ ಆಧಾರಪಟ್ಟಿಗಳ ತಪಾಸಣೆಯು ಮೂರು ವಾರಗಳಿಂದ ಮೂರು ದಿನಗಳಿಗೆ ಇಳಿಯಿತೆಂದು ಪ್ರಕಟಿಸಿದಾಗ ಅದರ ತಪಾಸಕರ ಕೈಯಲ್ಲಿದ್ದುದು ಕನ್ನಡಕವಲ್ಲ, ಕ್ಯಾಮರಾ ಇರುವ ಟ್ಯಾಬ್ಲೆಟ್. ಬೋಯಿಂಗ್ ಕೂಡ ಗೂಗಲ್ ಕಂಪನಿಯ ಗ್ಲಾಸ್ ಎಂಬ ಕನ್ನಡಕವನ್ನು ತಂತಿಯ ಕಂತೆಗಳಿಗೇ ಮತ್ತೆ ಬಳಸಿ ನೋಡಿ, ಕೆಲಸದ ಸಮಯವು ಶೇಕಡ 25ರಷ್ಟು ಉಳಿಯಿತೆಂದು ಹೇಳಿಕೊಂಡಿತು. ಈ ಅಂಕಿಗಳು ಕಂಪನಿಗಳು ತಾವೇ ಕೊಟ್ಟವು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಇಟ್ಟಿಗೆಯ ಚಲನೆಗಳ ಲೆಕ್ಕವನ್ನು ಓದುವಾಗ ಇರಬೇಕಾದ ಎಚ್ಚರವೇ ಇಲ್ಲಿಯೂ ಇರತಕ್ಕದ್ದು. ಸಾರ್ವಜನಿಕರು ತಿರಸ್ಕರಿಸಿದ ಆ ಕನ್ನಡಕವು 2015ರ ತರುವಾಯ ಬದುಕಿ ಉಳಿದುದು ಕಾರ್ಖಾನೆಗಳ ಆಶ್ರಯದಲ್ಲಿ. 2016ರಲ್ಲಿ ಹೊರಬಂದ ಮೈಕ್ರೊಸಾಫ್ಟಿನ ಹೊಲೊಲೆನ್ಸ್ ಕೂಡ ಮುಖ್ಯವಾಗಿ ಉದ್ಯಮದ ಕಡೆಗೇ ತಿರುಗಿತು.

2019ರಲ್ಲಿ ಬಂದ ಹೊಲೊಲೆನ್ಸಿನ ಎರಡನೆಯ ಆವೃತ್ತಿಯು ತೊಟ್ಟವನ ಕಣ್ಣುಗುಡ್ಡೆ ಎತ್ತ ಹೊರಳುತ್ತದೆಂಬುದನ್ನೂ ಗುರುತಿಸಬಲ್ಲುದಾಗಿತ್ತು. ಗಿಲ್‌ಬ್ರೆತ್ ಬೆರಳಿಗೆ ಕಟ್ಟಿದ ದೀಪವನ್ನು ಕೆಲಸ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು, ದಾಖಲೆಗೆ ಒಂದು ಫಲಕ ಸಾಕಾಗುತ್ತಿತ್ತು. ಈ ಕನ್ನಡಕವಾದರೋ ಕೆಲಸವನ್ನು ಹೇಳಿಕೊಡುವ ಸಾಧನವೂ ಹೌದು, ಕೆಲಸಗಾರನನ್ನು ಅಳೆಯಬಲ್ಲ ಸಾಧನವೂ ಹೌದು. ಎರಡನ್ನೂ ಒಂದರಿಂದೊಂದು ಬಿಡಿಸುವಂತಿಲ್ಲ. ಹೊಸಬನು ಮೊದಲ ದಿನವೇ ತಪ್ಪಿಲ್ಲದೆ ತಂತಿ ಕಟ್ಟಬಲ್ಲನೆಂಬ ಲಾಭವು ನಿಜವಾದುದು. ಕಟ್ಟಿ ಕಟ್ಟಿ ಕಲಿತವನ ಅನುಭವಕ್ಕೆ ಅದೇ ಕಾರಣದಿಂದ ಕೂಲಿಯ ಚೌಕಾಶಿಯಲ್ಲಿ ತೂಕ ಕಡಮೆಯಾಗಬಹುದೆಂಬ ಭಯವೂ ಅಷ್ಟೇ ನಿಜ. ಲಿಂಕ್‌ನ ಯಂತ್ರದಲ್ಲಿ ಈ ಭಯಕ್ಕೆ ಆಸ್ಪದವಿರಲಿಲ್ಲ, ಏಕೆಂದರೆ ಅದು ಕಲಿತವನಲ್ಲಿಯೇ ವಿದ್ಯೆಯನ್ನು ಬಿಟ್ಟು ಹಿಂದೆ ಸರಿಯುತ್ತಿತ್ತು. ಚಾಲಕನು ತಿದಿಗಳನ್ನು ಆಕಾಶಕ್ಕೆ ಒಯ್ಯುತ್ತಿರಲಿಲ್ಲ. ಕಲಿಸಿ ದೂರವಾಗುವ ಯಂತ್ರ, ಕಲಿಸದೆ ಜೊತೆಗೇ ಇರುವ ಯಂತ್ರ ಈ ಎರಡು ಜಾತಿಗಳನ್ನು ಒಂದೇ ಹೆಸರಿನ ಕೆಳಗೆ ಸೇರಿಸಿಬಿಟ್ಟಿರುವುದು ಇಂದಿನ ಚರ್ಚೆಗಳ ದೊಡ್ಡ ದೋಷವೆಂದು ನನಗೆ ತೋರುತ್ತದೆ.

ಯಂತ್ರಗಳ ಆಯುಸ್ಸಾದರೂ ಅಷ್ಟೇನೂ ದೀರ್ಘವಲ್ಲ. ಗೂಗಲ್ ಕಂಪನಿಯು ಉದ್ಯಮಗಳಿಗಾಗಿ ಉಳಿಸಿಕೊಂಡಿದ್ದ ಗ್ಲಾಸ್ ಕನ್ನಡಕದ ಮಾರಾಟವನ್ನು 2023ರ ಮಾರ್ಚಿನಲ್ಲಿ ನಿಲ್ಲಿಸಿತು. ಹೊಲೊಲೆನ್ಸಿನ ತಯಾರಿಕೆ ನಿಂತುಹೋದುದನ್ನು ಮೈಕ್ರೊಸಾಫ್ಟ್ 2024ರಲ್ಲಿ ಪ್ರಕಟಿಸಿತು. ಅದರ ತಂತ್ರಾಂಶದ ರಕ್ಷಣೆಗೆ ಕೊಟ್ಟ ಗಡುವು 2027ರ ಕೊನೆ. ತಮ್ಮ ಕೆಲಸದ ಕ್ರಮಗಳನ್ನೆಲ್ಲ ಆ ಕನ್ನಡಕಕ್ಕೆಂದೇ ಬರೆಸಿಕೊಂಡ ಕಾರ್ಖಾನೆಗಳು ಅವನ್ನು ಮತ್ತೊಂದು ಯಂತ್ರಕ್ಕೆ ಹೊಸದಾಗಿ ಬರೆಸಬೇಕಾಗಿದೆ. ನಕ್ಷೆಯಂಟಿಸಿ ಗೂಟ ಹೊಡೆದ ಹಲಗೆಗಳು ತಂತಿ ಕಟ್ಟುವ ಕಾರ್ಖಾನೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ.